ಸೆಕೆಂಡ್ ಹ್ಯಾಂಡ್ ಸೆಂಟು: ಬಾಕ್ಸ್ ಬಿಡಿ, ಬಾಟಲಿಯ ಕತ್ತು ನೋಡಿ

ಬೆಳಗಾವಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹಳೇ ಬೈಕು, ಸೋಫಾಗಳ ನಡುವೆ ಈಗ ಸೆಂಟಿನ ಬಾಟಲಿಗಳೂ ಮಾರಾಟಕ್ಕೆ ಬರುತ್ತವೆ. ‘ದುಬೈನಿಂದ ನಮ್ಮ ಕಾಕಾ ತಂದಿದ್ದರಿ, ನಾಕ ಸಲ ಹೊಡಕೊಂಡೇನಿ ಅಷ್ಟ, 3,000ಕ್ಕ ಕೊಡ್ತೀನಿ.’ ಡಿಯೋರ್ ಕಂಪನಿಯ ಸೊವಾಜ್ 100 ಎಂ.ಎಲ್. ಹೊಸದಾದರೆ 10,000 ರೂಪಾಯಿ ದಾಟುತ್ತದೆ. ಅದು 3,000ಕ್ಕೆ ಸಿಗುತ್ತದೆ ಎಂದರೆ ಕಾಕಾ ತುಂಬಾ ಧಾರಾಳಿ ಇರಬೇಕು, ಇಲ್ಲವೇ ಮಾಲು ಡೂಪ್ಲಿಕೇಟ್ ಇರಬೇಕು. ಹಾಗಂತ ಎಲ್ಲವೂ ಮೋಸವಲ್ಲ. ಉಡುಗೊರೆ ಬಂದ ಸೆಂಟಿನ ವಾಸನೆ ಹಿಡಿಸದೆ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ಫೋಟೊ ತರಿಸಿ

ಬಾಕ್ಸಿನ ತಳ, ಬಾಟಲಿಯ ತಳ, ಮುಚ್ಚಳ ತೆಗೆದ ಸ್ಪ್ರೇ, ಬೆಳಕಿಗೆ ಹಿಡಿದ ಬಾಟಲಿ, ಇವುಗಳ ಫೋಟೊ ಕೇಳಿ. ಪಕ್ಕದಲ್ಲಿ ಆ ದಿನದ ಪೇಪರ್ ಇಡಲು ಹೇಳಿ. ನೆಟ್‌ನಿಂದ ಎತ್ತಿದ ಚಿತ್ರವಾದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಬಾಕ್ಸಿನ ತಳದಲ್ಲೂ ಬಾಟಲಿಯ ತಳದಲ್ಲೂ ಬ್ಯಾಚ್ ಕೋಡ್, ಅಂದರೆ ಯಾವ ಕಂತಿನಲ್ಲಿ ತಯಾರಾಯಿತು ಎಂದು ತಿಳಿಸುವ ಗುರುತು, ಇರುತ್ತದೆ. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಮುಂದೆ ಮಾತೇ ಬೇಡ. ಒಂದೇ ಇದ್ದರೆ ಒರಿಜಿನಲ್ ಅಂತ ಖುಷಿಪಡುವುದೂ ಬೇಡ. ಒಂದು ಅಸಲಿ ಬಾಟಲಿಯ ಕೋಡನ್ನೇ ಎಷ್ಟೋ ನಕಲಿಗಳ ಮೇಲೆ ಒತ್ತಿರುತ್ತಾರೆ. ಕೋಡ್ ಹಾಕಿದರೆ ತಯಾರಾದ ತಿಂಗಳು ತೋರಿಸುವ ವೆಬ್‌ಸೈಟುಗಳು ಅದಕ್ಕೂ ‘ಸರಿ’ ಅಂತಲೇ ಹೇಳುತ್ತವೆ.

ಮಾರುವವರ ಕಥೆಯನ್ನೂ ಸ್ವಲ್ಪ ಲೆಕ್ಕ ಹಾಕಿ. ಸೊವಾಜ್ ಬಂದಿದ್ದು 2015ರಲ್ಲಿ, ಅದರದೇ ಇನ್ನೊಂದು ಬಗೆಯಾದ ಎಲಿಕ್ಸಿರ್ ಬಂದಿದ್ದು 2021ರಲ್ಲಿ. ‘ಎಲಿಕ್ಸಿರ್ ರೀ, 2018ರಾಗ ಮದುವಿಗೆ ಬಂದಿದ್ದು’ ಎಂದರೆ ಆಯಿತು, ನಮಸ್ಕಾರ ಹೇಳಿ. 1966ರ ‘ಓ ಸೊವಾಜ್’ ಬೇರೆಯದೇ ಸೆಂಟು, ಗೊಂದಲ ಬೇಡ. ಇಲ್ಲಿನ ಅಂಗಡಿಯಲ್ಲೇ ಕೊಂಡಿದ್ದು ಎಂದರೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರ್ ಕೇಳಿ. ಅದು ಮೇಲಿನ ಪ್ಲಾಸ್ಟಿಕ್ ಹಾಳೆಯ ಜೊತೆ ಹರಿದುಹೋಗಿರಬಹುದು, ಆಗ ಬಿಲ್ ಕೇಳಿ. ದುಬೈ ಮಾಲಿನ ಮೇಲೆ ಈ ಸ್ಟಿಕ್ಕರ್ ಹುಡುಕಬೇಡಿ.

ಕೈಗೆ ಬಂದ ಮೇಲೆ

ಹಗಲು ಹೊತ್ತಿನಲ್ಲಿ ಭೇಟಿಯಾಗಿ. ಚನ್ನಮ್ಮ ಸರ್ಕಲ್ ಎಲ್ಲರಿಗೂ ಅನುಕೂಲ, ಆದರೆ ಆ ಹೊಗೆಯಲ್ಲಿ ಮೂಗು ಕೆಲಸ ಮಾಡುವುದಿಲ್ಲ. ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಂಥ ಮರಗಳಿರುವ ಜಾಗ ವಾಸಿ. ಮಿರ್ಚಿ ಭಜಿ ಗಾಡಿಯ ಪಕ್ಕ ಮಾತ್ರ ಬೇಡ.

ಬಾಕ್ಸ್ ನೋಡಿ ಹೆಚ್ಚು ಹೊತ್ತು ಕಳೆಯಬೇಡಿ. ಅಕ್ಷರ ತಪ್ಪಿದ ಬಾಕ್ಸ್‌ಗಳ ಕಾಲ ಹೋಯಿತು, ಈಗಿನ ಫಸ್ಟ್ ಕಾಪಿ, ಅಂದರೆ ಅಸಲಿಯಂತೆಯೇ ಕಾಣುವ ನಕಲಿಯ ಬಾಕ್ಸ್ ಚೊಕ್ಕವಾಗಿಯೇ ಇರುತ್ತದೆ. ಮುಚ್ಚಳ ತೆಗೆದು ಸ್ಪ್ರೇ ಕೆಳಗಿನ ಲೋಹದ ಪಟ್ಟಿ ನೋಡಿ. ಸಾಮಾನ್ಯವಾಗಿ ಅದನ್ನು ಕಾರ್ಖಾನೆಯಲ್ಲೇ ಗಾಜಿನ ಕತ್ತಿಗೆ ಒತ್ತಿ ಕೂರಿಸಿರುತ್ತಾರೆ. ನೇರವಾಗಿ, ಅಲ್ಲಾಡದೆ ಇರಬೇಕು. ಇಕ್ಕಳ ಹಾಕಿದಂಥ ಗೀರು, ಸೊಟ್ಟಗಾದ ಅಂಚು ಕಂಡರೆ ಹುಷಾರು. ಖಾಲಿ ಒರಿಜಿನಲ್ ಬಾಟಲಿ ಕೊಂಡು ಒಳಗೆ ಅಗ್ಗದ ಸೆಂಟು ತುಂಬುವವರಿದ್ದಾರೆ. ಇದೇ ಎಲ್ಲಕ್ಕಿಂತ ಕಷ್ಟದ ಮೋಸ, ಯಾಕೆಂದರೆ ಬಾಕ್ಸ್, ಕೋಡ್, ಗಾಜು ಎಲ್ಲ ಅಸಲಿ. ಮುಗ್ಲರ್ ಕಂಪನಿಯ ಏಂಜೆಲ್ ತರಹದ ಕೆಲವು ಬಾಟಲಿಗಳು ತಿರುಗಿಸಿ ತೆಗೆದು ಮತ್ತೆ ತುಂಬಿಸಿಕೊಳ್ಳಲೆಂದೇ ಇವೆ. ಅವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಒಳಗಿನ ನಳಿಗೆಯನ್ನೂ ನೋಡಿ. ಒಳ್ಳೆಯ ಬಾಟಲಿಯಲ್ಲಿ ಅದು ತೆಳ್ಳಗೆ, ಸೆಂಟಿನಲ್ಲಿ ಮುಳುಗಿದಾಗ ಕಾಣಿಸಿಯೂ ಕಾಣದಂತೆ ಇರುತ್ತದೆ. ದಪ್ಪ ಬಿಳಿ ನಳಿಗೆ ತಳದಲ್ಲಿ ಮಡಚಿಕೊಂಡಿದ್ದರೆ ಅನುಮಾನ ಪಡಿ. ಒಮ್ಮೆ ಗಾಳಿಗೆ ಹೊಡೆದರೆ ಮಂಜಿನಂತೆ ಹರಡಬೇಕು. ಪಿಚಕಾರಿಯಂತೆ ಚಿಮ್ಮಬಾರದು. ಬಾಟಲಿ ಅಲ್ಲಾಡಿಸಿ ಗುಳ್ಳೆ ಎಣಿಸುವ ಪರೀಕ್ಷೆ ರೀಲ್ಸ್‌ನಲ್ಲಿ ಓಡಾಡುತ್ತದಲ್ವಾ, ಅದನ್ನು ನಂಬಬೇಡಿ.

ಮೂಗಿಗೆ ಟೈಮ್ ಕೊಡಿ

ಪುಣೆಗೋ ಗೋವಾಕ್ಕೋ ಹೋದಾಗ ದೊಡ್ಡ ಅಂಗಡಿಯಲ್ಲಿ ನಿಮಗೆ ಬೇಕಾದ ಸೆಂಟನ್ನು ಕಾಗದದ ಪಟ್ಟಿಯ ಮೇಲೆ ಹೊಡೆಸಿಕೊಳ್ಳಿ. ಎರಡು ಗಂಟೆ ಬಿಟ್ಟು ಮತ್ತೆ ಮೂಸಿ, ವಾಸನೆ ಹೇಗೆ ಬದಲಾಯಿತು ಎಂದು ನೆನಪಿಡಿ. ಅಸಲಿ ಗೊತ್ತಿಲ್ಲದವರಿಗೆ ನಕಲಿ ಗೊತ್ತಾಗುವುದು ಕಷ್ಟ.

ಮಾರುವವರೆದುರೂ ಹಾಗೆಯೇ ಮೊದಲು ಕಾಗದಕ್ಕೆ ಹೊಡೆಯಿರಿ. ಯಾವ ಸ್ಪಿರಿಟ್ ತುಂಬಿದ್ದಾರೋ ಯಾರಿಗೆ ಗೊತ್ತು, ಸೀದಾ ಮೈಗೆ ಬೇಡ. ಮೊದಲ ಕ್ಷಣದ ಸ್ಪಿರಿಟ್ ವಾಸನೆ ಎಲ್ಲದರಲ್ಲೂ ಇರುತ್ತದೆ. ಅದು ಹಾರಿದ ಮೇಲೆ ಏನು ಉಳಿಯುತ್ತದೆ ಎಂಬುದೇ ಮುಖ್ಯ. ಹಗುರ ವಾಸನೆಗಳು ಮೊದಲು ಹೋಗಿ, ಮರ, ಅಂಬರ್, ಕಸ್ತೂರಿಯಂಥವು ಕೊನೆಗೆ ಉಳಿಯಬೇಕು. ನಕಲಿಯಲ್ಲಿ ಮೊದಲ ಐದು ನಿಮಿಷ ಹೆಚ್ಚುಕಡಿಮೆ ಅಸಲಿಯಂತೆಯೇ ಇರಬಹುದು. ಆಮೇಲೆ ಒಂದೇ ಸಪ್ಪೆ ವಾಸನೆ, ಅಥವಾ ಏನೂ ಇಲ್ಲ. ಹಾಗಾಗಿ ಚಹಾ ಕುಡಿಯೋಣ ಬನ್ನಿ ಎಂದು ಅರ್ಧ ಗಂಟೆ ಕೂರಿಸಿಕೊಳ್ಳಿ. ಅವಸರ ಮಾಡುವವರ ಹತ್ತಿರ ಕೊಳ್ಳಬೇಡಿ.

ಒಂದು ತೊಡಕಿದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾರಿನಲ್ಲೋ ಕಿಟಕಿಯಲ್ಲೋ ಇಟ್ಟ ಅಸಲಿ ಸೆಂಟೂ ಹುಳಿ ವಾಸನೆಗೆ ತಿರುಗುತ್ತದೆ. ಅದು ನಕಲಿಯಲ್ಲ, ಕೆಟ್ಟಿದ್ದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಆದರೆ ಸುಮ್ನೆ ಮೋಸಗಾರ ಎಂದು ಜಗಳವಾಡಬೇಡಿ. ಬಣ್ಣ ಗಾಢವಾದ ಮಾತ್ರಕ್ಕೆ ಕೆಟ್ಟಿದೆ ಎಂದೂ ಅಲ್ಲ. ವೆನಿಲ್ಲಾ ಇರುವ ಸೆಂಟು ಕಾಲ ಕಳೆದಂತೆ ತಾನಾಗಿಯೇ ಕಪ್ಪಾಗುತ್ತದೆ.

ದುಡ್ಡಿನ ವಿಷಯ

ಅಡ್ವಾನ್ಸ್ ಕಳಿಸಬೇಡಿ. ಎಲ್ಲ ನೋಡಿದ ಮೇಲೆ ಅಲ್ಲೇ ಯುಪಿಐ ಮಾಡಿ, ದಾಖಲೆ ಉಳಿಯುತ್ತದೆ. ಚಾಟ್ ಅಳಿಸಬೇಡಿ. ಆನ್‌ಲೈನ್‌ನಲ್ಲಿ ದುಡ್ಡು ಹಾಕಿಸಿಕೊಂಡು ಕೈಕೊಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಂಗಡಿಯವರೇ ಒರಿಜಿನಲ್ ಎಂದು ನಕಲಿ ಕೊಟ್ಟಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ, ಅದಕ್ಕೆ ಬಿಲ್ ಕೈಯಲ್ಲಿರಲಿ.