ಮಂಡಿ ರೈಟರ್ ಜೇಬಿನ ಪೆನ್ನು

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನಾನು ಟೊಮೇಟೊ ಮಂಡಿ ರೈಟರ್. ಕೆಲಸ ಇಷ್ಟೇ: ಹರಾಜು ಕೂಗುವವರ ಹಿಂದೆ ಹಿಂದೆ ನಡೆಯಬೇಕು. ರೈತರ ಹೆಸರು, ಊರು, ಎಷ್ಟು ಬಾಕ್ಸು, ಬಾಕ್ಸಿಗೆ ಎಷ್ಟು ರೇಟು, ಯಾರು ತಗೊಂಡರು, ಎಲ್ಲ ಚೀಟಿಗೆ ಇಳಿಸಬೇಕು. ನಿಂತುಕೊಂಡೇ ಬರೆಯಬೇಕು. ಎಡಗೈಯೇ ಟೇಬಲ್ಲು. ಸೀಸನ್ನಿನಲ್ಲಿ ಒಂದು ಬೆಳಿಗ್ಗೆಗೆ ನೂರೈವತ್ತು ಚೀಟಿ ಹರಿದದ್ದೂ ಇದೆ. ಈಗ ಆಫೀಸಿನೊಳಗೆ ಕಂಪ್ಯೂಟರ್ ಇದೆ, ಪಟ್ಟಿ ಪ್ರಿಂಟ್ ಆಗಿ ಬರುತ್ತೆ. ಆದರೆ ಆ ಕಂಪ್ಯೂಟರಿಗೆ ಊಟ ಹಾಕೋದು ನನ್ನ ಚೀಟಿಯೇ.

ದಿನಾ ಪೆನ್ನು ಹಿಡಿಯುವ ನಾನು ಪೆನ್ನಿನ ಬಗ್ಗೆ ಯೋಚನೆ ಮಾಡಲು ಹನ್ನೆರಡು ವರ್ಷ ತಗೊಂಡೆ. ಹೇಳಿಕೊಳ್ಳಲು ನಾಚಿಕೆ ಆಗುತ್ತೆ. ಅಲ್ಲಿವರೆಗೂ ಯಾವುದು ಸಿಕ್ಕರೆ ಅದು. ಬೀಜದ ಕಂಪನಿಯವರು ಹಂಚಿದ್ದು, ಯಾರೋ ಮರೆತು ಹೋಗಿದ್ದು, ಮಗಳ ಜ್ಯಾಮಿಟ್ರಿ ಬಾಕ್ಸಿನಿಂದ ಎತ್ತಿದ್ದು.

ಕಣ್ಣು ತೆರೆಸಿದ್ದು 2023ರ ಜುಲೈ. ಆ ತಿಂಗಳು ನೆನಪಿದೆ ಅಲ್ವಾ? 15 ಕಿಲೋ ಬಾಕ್ಸು ಇದೇ ಯಾರ್ಡಿನಲ್ಲಿ ಎರಡು ಸಾವಿರ ದಾಟಿತ್ತು. ಟೊಮೇಟೊ ತೋಟಕ್ಕೆ ರಾತ್ರಿ ಕಾವಲು ಕೂತವರೂ ಇದ್ದರು. ಆಗ ನನ್ನ ಜೇಬಿನಲ್ಲಿ ಒಂದು ಜೆಲ್ ಪೆನ್ನು. ಹಾಳೆಗೆ ತಾಗಿಸಿದರೆ ಸಾಕು, ತಾನೇ ಜಾರಿಕೊಂಡು ಹೋಗುತ್ತಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗೆ. ನನಗೆ ಭಾರೀ ಖುಷಿ.

ತಿಂಗಳ ಮೊದಲ ವಾರ. ಮುಳಬಾಗಿಲು ಕಡೆಯ ರೈತರೊಬ್ಬರು ದುಡ್ಡು ತಗೊಳ್ಳಲು ಬಂದರು. 42 ಬಾಕ್ಸು. ಆಫೀಸಿನಲ್ಲಿ 1,150ರ ಹಾಗೆ ಲೆಕ್ಕ ಹಾಕಿದ್ದರು. ಅವರು ಜೇಬಿನಿಂದ ತಮ್ಮ ಚೀಟಿ ತೆಗೆದು ಬಿಡಿಸಿದರು.

"ರೈಟ್ರೇ, ಇಲ್ಲಿ ಸಾವಿರದ ಏಳ್ನೂರೈವತ್ತು ಅಂತ ಇದೆಯಲ್ಲಾ?"

ನೋಡಿದೆ. ರೈತರಿಗೆ ಹೋಗೋದು ಕೆಳಗಿನ ಕಾಪಿ, ಗುಲಾಬಿ ಬಣ್ಣದ್ದು. ನಮ್ಮ ಬಿಳಿ ಹಾಳೆಯಲ್ಲಿ 1150 ಅಂತ ಕಣ್ಣಿಗೆ ಹೊಡೆಯುವಷ್ಟು ಚೆನ್ನಾಗಿದೆ. ಗುಲಾಬಿಯಲ್ಲಿ ಅಂಕಿಗಳೆಲ್ಲ ಮಂಜಿನಲ್ಲಿ ನಿಂತ ಹಾಗಿವೆ. ಒಂದರ ಅಂಕಿ ಬರೆಯುವಾಗ ತಲೆಯ ಮೇಲೆ ಒಂದು ಸಣ್ಣ ಕೊಕ್ಕೆ ಎಳೆಯೋದು ನನ್ನ ಅಭ್ಯಾಸ. ಎರಡನೇ ಒಂದರಲ್ಲಿ ಆ ಕೊಕ್ಕೆ ಮೂಡಿತ್ತು, ಕಾಲು ಓರೆಯಾಗಿ ಅರ್ಧಕ್ಕೇ ನಿಂತಿತ್ತು. ನಾನೇ ಓದಿದರೂ ಏಳು ಅಂತಲೇ ಓದುತ್ತಿದ್ದೆ. ಬಾಕ್ಸಿಗೆ 600 ವ್ಯತ್ಯಾಸ. 42 ಬಾಕ್ಸಿಗೆ 25,200 ರೂಪಾಯಿ.

ಹರಾಜು ಕೂಗಿದವರಿಗೆ ರೇಟು ನೆನಪಿತ್ತು. ಮಾಲು ತಗೊಂಡ ವ್ಯಾಪಾರಿಯ ಚೀಟಿಯೂ ತಾಳೆ ಆಯಿತು. ರೈತರು ಒಪ್ಪಿಕೊಂಡರು, ಜಗಳ ಆಡಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಮನೆಗೆ ಫೋನ್ ಮಾಡಿ ಸಾವಿರದ ಏಳ್ನೂರೈವತ್ತು ಅಂತ ಹೇಳಿಬಿಟ್ಟಿದ್ದೆ" ಅಂದರು. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಅವರು ಹೋದ ಮೇಲೆ ಮಾಲೀಕರು ಕರೆದರು. "ಏನಪ್ಪಾ, ಬಿಳಿದು ನಮ್ಮದು, ಗುಲಾಬಿ ಅವರದು. ಮೊದಲು ಅವರದು ಚೆನ್ನಾಗಿ ಮೂಡಬೇಕು ಕಣಪ್ಪಾ" ಅಂದರು.

ಅವತ್ತು ರಾತ್ರಿ ಕೂತು ಚೀಟಿ ಪುಸ್ತಕವನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೊದಲಿನ ಹಾಗೆ ಮಧ್ಯೆ ಕಾರ್ಬನ್ ಹಾಳೆ ಇಡುವ ಪುಸ್ತಕ ಅಲ್ಲ ಇದು. ಮೇಲಿನ ಹಾಳೆಯ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಳಿದಿರುತ್ತಾರೆ, ಅದರೊಳಗೆ ಬಣ್ಣದ ಮದ್ದು. ಪೆನ್ನು ಒತ್ತಿದ ಕಡೆ ಗುಳ್ಳೆ ಒಡೆಯುತ್ತೆ. ಕೆಳಗಿನ ಹಾಳೆಯ ಮುಖಕ್ಕೆ ಬಳಿದಿರುವ ಜೇಡಿಯಂಥ ಪದರಕ್ಕೆ ಆ ಮದ್ದು ತಾಗಿದಾಗ ಅಕ್ಷರ ಮೂಡುತ್ತೆ. ಅಂದರೆ ಗುಲಾಬಿ ಹಾಳೆಯಲ್ಲಿ ಬರೆಯೋದು ಇಂಕಲ್ಲ, ಒತ್ತಡ. ನನ್ನ ಜೆಲ್ ಪೆನ್ನಿಗೆ ಒತ್ತಡವೇ ಬೇಡವಾಗಿತ್ತು. ಅದರ ಗುಣವೇ ನನಗೆ ಮುಳುವಾಯಿತು.

ಬಾಲ್ ಪೆನ್ನಿನ ಕಥೆಯೇ ಬೇರೆ. 1938ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಹಂಗೆರಿಯ ಲಾಸ್ಲೊ ಬಿರೋ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವನು. ಅಚ್ಚಿನ ಇಂಕು ಬೇಗ ಒಣಗುತ್ತೆ, ಕೈಗೆ ಮೆತ್ತಲ್ಲ, ಅದನ್ನೇ ಪೆನ್ನಿಗೆ ಹಾಕಿದರೆ ಹೇಗೆ ಅಂತ ಹೊರಟ. ಅಂಥ ಗಟ್ಟಿ ಇಂಕು ನಿಬ್ಬಿನಲ್ಲಿ ಹರಿಯಲ್ಲ. ಅದಕ್ಕೇ ತುದಿಗೆ ಗುಂಡು. ಎಣ್ಣೆ ಇಂಕನ್ನು ಗುಂಡು ಉರುಳಿ ಉರುಳಿ ಹೊರಗೆ ತರಬೇಕು, ಹಾಗಾಗಿ ನಾವು ಒತ್ತಲೇಬೇಕು. ಜೆಲ್ ಬಂದಿದ್ದು ಅದಾಗಿ ಎಷ್ಟೋ ವರ್ಷಕ್ಕೆ, 1984ರಲ್ಲಿ, ಜಪಾನಿನ ಸಕುರಾ ಕಂಪನಿಯಿಂದ. ಅದು ನೀರಿನ ಇಂಕು, ಹಗುರ ಕೈಯವರಿಗೆ ಹೇಳಿ ಮಾಡಿಸಿದ್ದು. ಪರೀಕ್ಷೆ ಬರೆಯುವ ಮಕ್ಕಳಿಗೆ ಅದೇ ಸರಿ. ನನಗಲ್ಲ.

ಇಂಕ್ ಪೆನ್ನಿನ ಮಾತೇ ಬೇಡ. ಒತ್ತಿದರೆ ನಿಬ್ಬು ಕಾಲು ಅಗಲಿಸುತ್ತೆ. ಮನೆಯಲ್ಲಿ ಒಂದು ಇದೆ, ಭಾನುವಾರ ಮನೆ ಖರ್ಚು ಬರೆಯಲು. ಅದರ ಸುಖ ಅದಕ್ಕೇ ಇರಲಿ.

ಮಾರನೇ ದಿನ ಕ್ಲಾಕ್ ಟವರ್ ಕಡೆಯ ಒಂದು ಸ್ಟೇಷನರಿ ಅಂಗಡಿಗೆ ಹೋದೆ. ಪೆನ್ನು ನೋಡಲು ಅಲ್ಲಿ ಒಂದು ರಫ್ ಪುಸ್ತಕ ಇಟ್ಟಿರುತ್ತಾರೆ. ಅದರಲ್ಲಿ ಬರೀ ಸಹಿಗಳು, ಶ್ರೀಕಾರಗಳು, ಸುಮ್ನೆ ಸುತ್ತಿದ ಸುರುಳಿಗಳು. ಸುರುಳಿ ಸುತ್ತಿದರೆ ಯಾವ ಪೆನ್ನಾದರೂ ಚೆನ್ನಾಗೇ ಬರೆಯುತ್ತೆ. ನಾನು ನನ್ನ ಚೀಟಿ ಪುಸ್ತಕವನ್ನೇ ಒಯ್ದಿದ್ದೆ. ಕೌಂಟರಿನ ಮೇಲೆ ಇಡದೆ ಅಂಗೈಯಲ್ಲಿ ಹಿಡಿದು, ನಿಂತು, ಹರಾಜಿನ ಸ್ಪೀಡಿನಲ್ಲಿ ಬರೆದೆ: 1 7 1 7 0 6 8 3 5. ಆಮೇಲೆ ಮೇಲಿನದನ್ನು ನೋಡದೆ ಗುಲಾಬಿ ಹಾಳೆ ಮಾತ್ರ ಅಂಗಡಿಯವರಿಗೆ ಕೊಟ್ಟು, "ಓದಿ ನೋಡೋಣ" ಅಂದೆ. ಅವರು ಕನ್ನಡಕ ಹಾಕಿಕೊಂಡು ಮಗ್ಗಿ ಒಪ್ಪಿಸಿದ ಹಾಗೆ ಓದಿದರು. ಎರಡು ಪೆನ್ನಿಗೆ ತಪ್ಪಿದರು. ಆ ಎರಡು ಅಲ್ಲೇ ಉಳಿದವು.

ಪೆನ್ನಿನ ಮೇಲೆ 0.5, 0.7, 1.0 ಅಂತ ಇರುತ್ತಲ್ಲ, ಅದು ಗೆರೆಯ ದಪ್ಪ ಅಂತ ನಾನು ತಿಳಿದಿದ್ದೆ. ಅಲ್ಲ, ಅದು ತುದಿಯ ಗುಂಡಿನ ಅಳತೆ, ಮಿಲಿಮೀಟರ್ ಲೆಕ್ಕ. ಗೆರೆ ಬೀಳೋದು ಹೆಚ್ಚುಕಡಿಮೆ ಅದರ ಅರ್ಧ. 0.5 ಸೂಜಿ ಥರ. ಬೆಳಗಿನ ಜಾವದ ತೇವಕ್ಕೆ ಮೆತ್ತಗಾದ ಹಾಳೆಯನ್ನು ಕೆರೆದು ಹರಿಯಿತು. 1.0ರಲ್ಲಿ ಇಂಕು ಜಾಸ್ತಿ, 6ರ ಹೊಟ್ಟೆ, 8ರ ಎರಡು ಹೊಟ್ಟೆ ತುಂಬಿಕೊಂಡು ಕಪ್ಪು ಉಂಡೆ. 0.7 ನನಗೆ ಹೊಂದಿತು. ಈಚಿನ ನುಣುಪು ಇಂಕಿನ ಬಾಲ್ ಪೆನ್ನುಗಳನ್ನೂ ನೋಡಿದೆ. ಬೇಗ ಒಣಗುತ್ತವೆ, ಕೈ ನೋಯಲ್ಲ. ಆದರೆ ನುಣುಪು ಸಿಕ್ಕ ಕೂಡಲೇ ನನ್ನ ಕೈ ಸೋಮಾರಿ ಆಗುತ್ತೆ, ಒತ್ತೋದು ಮರೆಯುತ್ತೆ. ತಪ್ಪು ಪೆನ್ನಿಂದಲ್ಲ. ಆದರೂ ಬಿಟ್ಟೆ.

ಬರವಣಿಗೆ ಆಯಿತು, ಇನ್ನು ಜೇಬು. ದಿನವಿಡೀ ಹೊತ್ತು ತಿರುಗುವ ಪೆನ್ನು ಬರೆಯುವ ಹೊತ್ತಿಗಿಂತ ಜೇಬಿನಲ್ಲಿರುವ ಹೊತ್ತೇ ಜಾಸ್ತಿ. ಬಾಕ್ಸಿನ ತಳದ ಮಾಲು ನೋಡಲು ದಿನಕ್ಕೆ ನೂರು ಸಲ ಬಗ್ಗುತ್ತೇನೆ. ಪ್ಲಾಸ್ಟಿಕ್ ಕ್ಲಿಪ್ಪಿನ ಪೆನ್ನುಗಳು ಎಷ್ಟು ಬಿದ್ದವೋ ಲೆಕ್ಕವಿಲ್ಲ. ಒಂದಂತೂ ಟೊಮೇಟೊ ಜೊತೆ ಲಾರಿ ಹತ್ತಿ ಕೋಲ್ಕತ್ತಾಗೆ ಹೋಗಿದೆ ಅಂತ ನನಗೆ ಬಲವಾದ ಅನುಮಾನ. ಬಿದ್ದರೆ ಕಳೆದುಹೋಗೋದು ಒಂದೇ ಕಷ್ಟವಲ್ಲ. ತುದಿ ಕೆಳಗಾಗಿ ಸಿಮೆಂಟಿಗೆ ಬಿದ್ದರೆ ಗುಂಡು ಕೂತಿರುವ ಬಟ್ಟಲು ಜಜ್ಜುತ್ತೆ. ಆಮೇಲೆ ಒಂದೋ ಬರೆಯಲ್ಲ, ಇಲ್ಲಾ ಸೋರುತ್ತೆ. ಹಾಗೆ ಬಿದ್ದ ಒಂದು ಪೆನ್ನನ್ನು ಜೇಬಿಗೆ ಹಾಕಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ತಿರುಗಿದ್ದೆ. ಸಂಜೆ ಮನೆಯಲ್ಲಿ, "ಇದು ಶರ್ಟೋ ಬ್ಲಾಟಿಂಗ್ ಪೇಪರ್ರೋ?" ಅಂತ ಕೇಳಿಸಿಕೊಂಡೆ. ಸ್ಪಿರಿಟ್ ಹಚ್ಚಿ ಹತ್ತಿಯಲ್ಲಿ ಒತ್ತಿ ಒತ್ತಿ ತೆಗೆದರೆ ಬಾಲ್ ಪೆನ್ನಿನ ಕಲೆ ಸುಮಾರಾಗಿ ಹೋಗುತ್ತೆ. ಉಜ್ಜಬಾರದು, ಹರಡುತ್ತೆ. ನೀರಂತೂ ಉಪಯೋಗಕ್ಕೆ ಬರಲ್ಲ, ಅದು ಎಣ್ಣೆ ಇಂಕಲ್ವಾ.

ಕೊನೆಗೆ ನಿಂತಿದ್ದು ಪಾರ್ಕರ್ ಜಾಟರ್ ಹತ್ತಿರ, ಸ್ಟೀಲ್ ಮೈಯದ್ದು. 1954ರಿಂದ ಇರುವ ಮಾಡೆಲ್. ಬಾಣದ ಆಕಾರದ ಕ್ಲಿಪ್ಪು, ತಲೆಯ ಮೇಲೆ ಒಂದು ಗುಂಡಿ, ಟಿಕ್ ಅಂದರೆ ಹೊರಗೆ, ಟಿಕ್ ಅಂದರೆ ಒಳಗೆ. ನನ್ನನ್ನು ಹಿಡಿದಿದ್ದು ಅದರ ಹೆಸರಲ್ಲ, ಹೊಟ್ಟೆಯೊಳಗಿನ ರೀಫಿಲ್. ಅಗಲದ ಲೋಹದ ರೀಫಿಲ್. ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿಗಿಂತ ಇಂಕು ಜಾಸ್ತಿ ಹಿಡಿಯುತ್ತೆ. ಈ ಅಳತೆಯನ್ನು ಬೇರೆ ಬೇರೆ ಕಂಪನಿಯವರೂ ಮಾಡುತ್ತಾರೆ, ಅಂಗಡಿಯಲ್ಲಿ 'ಪಾರ್ಕರ್ ಟೈಪ್' ಅಂದರೆ ಸಾಕು. ಇವತ್ತು ಈ ರೀಫಿಲ್ ಸರಿಹೋಗಲಿಲ್ಲ ಅಂದರೆ ನಾಳೆ ಬೇರೆಯದು, ಪೆನ್ನು ಅದೇ. ಅದರಲ್ಲಿ ಫೈನ್, ಮೀಡಿಯಂ ಅಂತ ಬರುತ್ತೆ, ನನ್ನದು ಫೈನ್. ಒಂದು ಮಾತು, ನಕಲಿ ರೀಫಿಲ್ ಓಡಾಡುತ್ತವೆ. ಪ್ಯಾಕೆಟ್ ಬಿಚ್ಚಿದ್ದು, ಮೈಮೇಲಿನ ಅಚ್ಚು ಉಗುರಿಗೆ ಕಿತ್ತು ಬರುವಂಥದ್ದು ಕೊಟ್ಟರೆ ಅರ್ಧ ರೇಟಾದರೂ ನಾನು ತಗೊಳ್ಳಲ್ಲ.

ಪ್ಯಾಕೆಟ್ಟಿನ ಹಿಂದೆ ಐಎಸ್‌ಓ 12757-2 ಅಂತ ಇದೆಯಾ ಅಂತಲೂ ನೋಡುತ್ತೇನೆ. ದಾಖಲೆ ಬರೆಯಲು ತಕ್ಕ ಬಾಲ್ ಪೆನ್ ಇಂಕು ಅನ್ನೋದಕ್ಕೆ ಅದೇ ಗುರುತು. ರಬ್ಬರಿನಲ್ಲಿ ಉಜ್ಜಿದರೂ, ನೀರು ಬಿದ್ದರೂ, ಬೆಳಕಿಗೆ ಬಿಟ್ಟರೂ ನಿಲ್ಲಬೇಕು ಅಂತ ಪರೀಕ್ಷೆ ಮಾಡಿರುತ್ತಾರೆ. ಇದು ಅತಿ ಅನ್ನಿಸಬಹುದು. ನಮ್ಮ ಮಂಡಿ ಹುಡುಗನ ಕಥೆ ಕೇಳಿ. ಬರೆದು ಅಳಿಸಬಹುದಾದ ಪೆನ್ನು ಅಂತ ಒಂದು ತಂದ. ಹಿಂಭಾಗದ ರಬ್ಬರಿನಲ್ಲಿ ಉಜ್ಜಿದರೆ ಬರಹ ಮಾಯ. ಲಾರಿಗೆ ಎಷ್ಟು ಬಾಕ್ಸು ಏರಿತು ಅಂತ ಅದರಲ್ಲೇ ಬರೆದು, ಹಾಳೆಯನ್ನು ಟೆಂಪೋ ಡ್ಯಾಶ್‌ಬೋರ್ಡ್ ಮೇಲಿಟ್ಟು ಊಟಕ್ಕೆ ಹೋದ. ಬಂದು ನೋಡಿದರೆ ಬಿಳಿ ಹಾಳೆ. ಆ ಇಂಕು 60 ಡಿಗ್ರಿ ಆಸುಪಾಸಿನ ಬಿಸಿಗೆ ಬಣ್ಣ ಬಿಡುತ್ತೆ. ಉಜ್ಜಿದಾಗ ಆಗೋದೂ ಅದೇ, ಉಜ್ಜಿದ ಬಿಸಿಗೆ ಮಾಯ. ಗಾಜಿನ ಹಿಂದಿನ ಬಿಸಿಲಿಗೆ ಅಷ್ಟು ಕಾವು ಬರೋದು ದೊಡ್ಡದಲ್ಲ. ತುಂಬಾ ತಣ್ಣಗೆ ಮಾಡಿದರೆ ವಾಪಸ್ ಬರುತ್ತೆ ಅಂತ ಯಾರೋ ಹೇಳಿದರು. ಪಕ್ಕದ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ಹಾಳೆ ಇಟ್ಟು, ಮೂರು ಜನ ಹೆರಿಗೆ ವಾರ್ಡಿನ ಮುಂದೆ ಕಾದ ಹಾಗೆ ಕಾದೆವು. ಬಂತು! ಮಸುಕಾಗಿ, ಆದರೆ ಬಂತು. ಆ ಪೆನ್ನು ಈಗ ನನ್ನ ಮಗಳ ಹತ್ತಿರ ಇದೆ, ಚಿತ್ರ ಬಿಡಿಸಲು.

ಸ್ಟೀಲ್ ಪೆನ್ನಿಗೆ ಒಂದು ಕೊರತೆ. ಬೆವರು, ಟೊಮೇಟೊ ರಸ ಸೇರಿದರೆ ಬೆರಳು ಜಾರುತ್ತೆ. ರಬ್ಬರ್ ಹಿಡಿ ಇರುವ ಪೆನ್ನು ಯಾಕೆ ತಗೊಳ್ಳಲಿಲ್ಲ ಅಂದರೆ, ನಮ್ಮ ಬಿಸಿಲಿಗೆ ಆ ರಬ್ಬರು ಒಂದೆರಡು ವರ್ಷದಲ್ಲಿ ಬೆಲ್ಲದ ಪಾಕದ ಹಾಗೆ ಅಂಟಂಟು ಆಗೋದನ್ನು ನೋಡಿದ್ದೇನೆ. ಅದಕ್ಕೆ ಸಣ್ಣ ಸೈಕಲ್ಲಿನ ಹಳೇ ಟ್ಯೂಬಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಹಿಡಿಯುವ ಕಡೆ ಸುತ್ತಿ ಅಂಟಿಸಿದ್ದೇನೆ. ಹಾಳಾದರೆ ಇನ್ನೊಂದು. ನೋಡಿದವರು ನಗುತ್ತಾರೆ, ಅಷ್ಟು ಒಳ್ಳೇ ಪೆನ್ನಿಗೆ ಪಂಕ್ಚರ್ ಹಾಕಿದ್ದೀಯಾ ಅಂತ.

ಇನ್ನೊಂದು ಕಷ್ಟ ಯೋಚನೆಗೇ ಬಂದಿರಲಿಲ್ಲ. ಯಾರ್ಡಿನಲ್ಲಿ ಪೆನ್ನು ಇರುವವನ ಹತ್ತಿರ ಎಲ್ಲರೂ ಕೇಳುತ್ತಾರೆ. "ಅಣ್ಣಾ, ಒಂದು ನಿಮಿಷ ಪೆನ್ನು." ಇಲ್ಲ ಅನ್ನಲು ಆಗಲ್ಲ. ಮೊದಲಾದರೆ ಕ್ಯಾಪು ಕೈಯಲ್ಲಿ ಉಳಿಸಿಕೊಂಡು ಪೆನ್ನು ಮಾತ್ರ ಕೊಡುತ್ತಿದ್ದೆ. ಬೋಳು ಪೆನ್ನನ್ನು ಯಾರೂ ಜೇಬಿಗೆ ಹಾಕಿಕೊಳ್ಳಲ್ಲ, ಇಂಕು ಹತ್ತುತ್ತೆ ಅಂತ ವಾಪಸ್ ತಂದು ಕೊಡುತ್ತಾರೆ. ಗುಂಡಿ ಒತ್ತುವ ಪೆನ್ನಿಗೆ ಕ್ಯಾಪೇ ಇಲ್ಲವಲ್ಲ! ಹೊಸ ಜಾಟರ್ ಎರಡನೇ ವಾರವೇ ಯಾರದೋ ಜೇಬು ಸೇರಿತ್ತು. ಅವರು ಪುಣ್ಯಾತ್ಮರು, ಸಂಜೆ ತಾವೇ ತಂದುಕೊಟ್ಟರು. ಅವತ್ತಿಂದ ಪ್ಯಾಂಟಿನ ಜೇಬಿನಲ್ಲಿ ಹತ್ತು ರೂಪಾಯಿಯ ಒಂದು ಪೆಂಟಾನಿಕ್ ಇರುತ್ತೆ, ಕೇಳಿದವರಿಗೆ ಕೊಡಲು. ಹತ್ತು ರೂಪಾಯಿಗೆ ಅದು ಬರೆಯುವ ರೀತಿ ನೋಡಿದರೆ ನಾನು ದುಡ್ಡು ದಂಡ ಮಾಡಿದೆನಾ ಅಂತ ಆಗಾಗ ಅನ್ನಿಸುತ್ತೆ. ಬಗ್ಗಿದಾಗ ಬಾಣದ ಕ್ಲಿಪ್ಪು ಜೇಬು ಕಚ್ಚಿಕೊಂಡೇ ಇರುತ್ತಲ್ಲ, ಆಗ ಸಮಾಧಾನ.

ಅಂದಹಾಗೆ ನನ್ನ ಅಂಕಿಯನ್ನೂ ತಿದ್ದಿಕೊಂಡೆ. ಒಂದಕ್ಕೆ ಈಗ ಕೊಕ್ಕೆ ಇಲ್ಲ, ಬರೀ ನೇರ ಗೆರೆ. ಏಳಕ್ಕೆ ನಡುವೆ ಒಂದು ಅಡ್ಡಗೆರೆ.

ಆ ಮುಳಬಾಗಿಲಿನ ರೈತರು ನಮ್ಮ ಮಂಡಿ ಬಿಡಲಿಲ್ಲ. ಮುಂದಿನ ಸೀಸನ್ನಿನಲ್ಲಿ ಮಾಲು ತಂದಾಗ ಗುಲಾಬಿ ಚೀಟಿಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ಜೋರಾಗಿ ಓದಿದರು. ರೇಟಿನಲ್ಲಿ ಒಂದು ಏಳು ಇತ್ತು.

"ಏನ್ ರೈಟ್ರೇ, ಏಳಕ್ಕೆ ಡಾಬು ಕಟ್ಟಿದ್ದೀರಾ?"

"ನಿಮ್ಮಿಂದಲೇ ಬಂದಿದ್ದಣ್ಣಾ" ಅಂದೆ.

ನಕ್ಕರು. ಚೀಟಿಯ ಹಿಂದೆ ಲಗೇಜು, ಹಮಾಲಿ ಲೆಕ್ಕ ಹಾಕಿಕೊಳ್ಳಬೇಕಿತ್ತು, ಪೆನ್ನು ಕೇಳಿದರು. ಪ್ಯಾಂಟಿನ ಜೇಬಿನದು ತೆಗೆದು ಕೊಟ್ಟೆ. ಕ್ಯಾಪು ಉಳಿಸಿಕೊಳ್ಳಲಿಲ್ಲ.