ಕಾಮಿಕ್ಸ್ ಪುಟಕ್ಕೆ ಇಂಕ್ ಹಾಕುವ ನನ್ನ ಕ್ರಮ

ಪೆನ್ಸಿಲ್ ಕೆಲಸ ಮುಗಿದ ಕೂಡಲೇ ಇಂಕ್ ಬಾಟಲಿಗೆ ಕೈ ಹಾಕಬೇಡಿ. ಪುಟದಲ್ಲಿ ಕಪ್ಪು ಎಲ್ಲೆಲ್ಲಿ ಬರಬೇಕು ಅಂತ ಮೊದಲು ತೀರ್ಮಾನ ಮಾಡಿ. ನನ್ನ ಮಟ್ಟಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈಗ ನಾನು ಮಾಡುತ್ತಿರುವ ಪುಟವನ್ನೇ ತೆಗೆದುಕೊಳ್ಳಿ. ರಾತ್ರಿ, ಮಳೆ ನಿಂತಿದೆ. ಹುಡುಗಿಯೊಬ್ಬಳು ಸೂಡಿ (ಒಣಗರಿಯ ಪಂಜು) ಹಿಡಿದು ಹಳ್ಳದ ಮೇಲಿನ ಅಡಿಕೆಮರದ ಸಂಕ (ಕಾಲುಸೇತುವೆ) ದಾಟುತ್ತಿದ್ದಾಳೆ. ಬೆಳಕು ಇರುವುದು ಸೂಡಿ ಒಂದರಲ್ಲೇ. ಹಾಗಾಗಿ ಅವಳ ಮುಖ, ಸೂಡಿ ಹಿಡಿದ ಕೈ ಬಿಳಿ. ಬೆನ್ನು ಪೂರ್ತಿ ಕಪ್ಪು. ಹಿಂದಿನ ತೋಟ ಕಪ್ಪು, ಹಳ್ಳದ ನೀರಿನಲ್ಲಿ ಮಾತ್ರ ನಾಲ್ಕಾರು ಬಿಳಿ ಗೆರೆ. ಇದನ್ನು ಮೊದಲು ಬೆಂಕಿಪೆಟ್ಟಿಗೆಯಷ್ಟು ಸಣ್ಣ ಚಿತ್ರದಲ್ಲಿ ಮಾರ್ಕರ್‌ನಿಂದ ಬಳಿದು ನೋಡುತ್ತೇನೆ. ಅಷ್ಟು ಸಣ್ಣದರಲ್ಲೂ ಹುಡುಗಿ ಕಂಡರೆ ಸರಿ. ಆಮೇಲೆ ದೊಡ್ಡ ಹಾಳೆಯಲ್ಲಿ ಕಪ್ಪು ತುಂಬಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗುಣಿಸು ಗುರುತು ಹಾಕುತ್ತೇನೆ.

ಹಾಳೆ ನುಣುಪಾಗಿರಬೇಕು. ಸ್ಟೇಷನರಿ ಅಂಗಡಿಯ ದಪ್ಪ ಐವರಿ ಶೀಟ್ ಸಾಕು, ಬ್ರಿಸ್ಟಲ್ ಎಂಬ ದಪ್ಪ ಡ್ರಾಯಿಂಗ್ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಒರಟು ಹಾಳೆಯಲ್ಲಿ ನಿಬ್ಬಿಗೆ ನಾರು ಸಿಕ್ಕಿಕೊಂಡು ಗೆರೆ ಒಡೆಯುತ್ತದೆ. ನಾನು ಎ4ನಲ್ಲಿ ಬರೆದು ಎ5ಗೆ ಮುದ್ರಿಸುತ್ತೇನೆ. ಆಗ 0.20 ಮಿ.ಮೀ. ಗೆರೆ 0.14ಕ್ಕೆ ಇಳಿಯುತ್ತದೆ. ಅದಕ್ಕಿಂತ ತೆಳು ಗೆರೆಯನ್ನು ನಾನು ನಂಬುವುದಿಲ್ಲ.

ಇಂಕ್ ವಾಟರ್‌ಪ್ರೂಫ್ ಕಪ್ಪು ಡ್ರಾಯಿಂಗ್ ಇಂಕೇ ಆಗಬೇಕು. ಶಾಲೆಯ ಶಾಯಿ ಪೆನ್ನಿನ ಇಂಕ್ ನೀರು ತಾಗಿದರೆ ಕದಡುತ್ತದೆ. ಹಾಗಂತ ಡ್ರಾಯಿಂಗ್ ಇಂಕನ್ನು ಶಾಯಿ ಪೆನ್ನಿಗೆ ತುಂಬಬೇಡಿ, ಒಣಗಿ ಒಳಗೇ ಕಟ್ಟಿಕೊಳ್ಳುತ್ತದೆ. ಬಾಟಲಿಯಿಂದ ನೇರ ಅದ್ದುವ ಬದಲು ಒಂದು ಮುಚ್ಚಳಕ್ಕೆ ಸ್ವಲ್ಪ ಸುರಿದುಕೊಳ್ಳಿ.

ಗೆರೆಗೆ ನನಗೆ ಜಿ ನಿಬ್ಬೇ ಇಷ್ಟ, ಅಂದರೆ ಹಿಡಿಗೆ ಸಿಕ್ಕಿಸಿ ಇಂಕಿಗೆ ಅದ್ದಿ ಬರೆಯುವ ಲೋಹದ ನಿಬ್. ಒತ್ತಿದರೆ ದಪ್ಪ, ಬಿಟ್ಟರೆ ತೆಳು. ಹೊಸ ನಿಬ್ಬಿನ ಮೇಲೆ ಎಣ್ಣೆಯ ಪದರ ಇರುತ್ತದೆ, ಅದರಿಂದ ಇಂಕ್ ಹನಿಹನಿಯಾಗಿ ನಿಲ್ಲುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ. ನಿಬ್ಬಿನ ತೂತು ಮುಳುಗುವಷ್ಟು ಅದ್ದಿ, ಮುಚ್ಚಳದ ಅಂಚಿಗೆ ತಾಗಿಸಿ ಹೆಚ್ಚಿನದನ್ನು ಇಳಿಸಿ. ಗೆರೆಯನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ನಿಬ್ ಹಾಳೆಗೆ ಚುಚ್ಚಿ ಇಂಕ್ ಸಿಡಿಯುತ್ತದೆ. ಕೈ ತಿರುಚುವುದಕ್ಕಿಂತ ಹಾಳೆಯನ್ನೇ ತಿರುಗಿಸಿಕೊಳ್ಳಿ. ಬೆಳಕಿನ ಕಡೆ ತೆಳು, ನೆರಳಿನ ಕಡೆ ದಪ್ಪ. ಹತ್ತಿರದ್ದು ದಪ್ಪ, ದೂರದ್ದು ತೆಳು. ಇಷ್ಟು ಪಾಲಿಸಿದರೂ ಚಿತ್ರಕ್ಕೆ ಆಳ ಬರುತ್ತದೆ.

ಕೂದಲು, ಸೀರೆಯ ನೆರಿಗೆ, ದೊಡ್ಡ ಕಪ್ಪು ಇವಕ್ಕೆಲ್ಲ 2ನೇ ನಂಬರಿನ ದುಂಡು ಬ್ರಷ್. ಬ್ರಷ್ಷನ್ನು ಅದರ ಕೂದಲಿನ ಅರ್ಧದವರೆಗೆ ಮಾತ್ರ ಅದ್ದಿ. ಇಂಕ್ ಲೋಹದ ಬುಡಕ್ಕೆ ಹೋಗಿ ಒಣಗಿದರೆ ಮೊನೆ ಅಗಲವಾಗುತ್ತದೆ, ಮತ್ತೆ ಕೂಡುವುದಿಲ್ಲ. ಕೆಲಸ ಮುಗಿದ ತಕ್ಷಣ ತಣ್ಣೀರು, ಸೋಪಿನಲ್ಲಿ ತೊಳೆದು ಬೆರಳಿನಿಂದ ಮೊನೆ ಕೂಡಿಸಿಡಿ. ಕಿಟಕಿ ಸರಳು, ಹೆಂಚಿನ ಸಾಲಿನಂಥದ್ದಕ್ಕೆ ಮೈಕ್ರಾನ್‌ನಂಥ ತೆಳು ಮೊನೆಯ ಡ್ರಾಯಿಂಗ್ ಪೆನ್ ಸಾಕು.

ಇಂಕ್ ಹಾಕುವಾಗ ಮೊದಲು ಪ್ಯಾನೆಲ್‌ಗಳ (ಪುಟದ ಚಿತ್ರಚೌಕಗಳ) ಅಂಚು, ಆಮೇಲೆ ಮಾತು. ಕನ್ನಡದಲ್ಲಿ ಬರೆಯುವವರು ಇಲ್ಲಿ ಜಾಸ್ತಿ ಗಮನ ಕೊಡಬೇಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷ್ ಕಾಮಿಕ್ಸಿನ ಅಳತೆಯಲ್ಲಿ ಸಾಲು ಎಳೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಎರಡು ಸಾಲಿನ ನಡುವೆ ಒಂದು ಅಕ್ಷರದ ಎತ್ತರದಷ್ಟು ಜಾಗ ಬಿಡಿ. ಮಾತು ಬರೆದು ಮುಗಿಸಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ. ಮಾತು ಉದ್ದವಾದರೆ ಮಾತನ್ನೇ ಕತ್ತರಿಸಿ, ಅಕ್ಷರ ಸಣ್ಣದು ಮಾಡಬೇಡಿ.

ಅನಂತರ ಮುಖಗಳು, ಮೈ, ಹಿನ್ನೆಲೆ, ಕೊನೆಗೆ ಕಪ್ಪು ತುಂಬುವುದು. ಬಲಗೈಯವರು ಎಡಮೇಲಿನ ಮೂಲೆಯಿಂದ ಶುರುಮಾಡಿ, ಎಡಗೈಯವರು ಬಲಮೇಲಿನಿಂದ. ಅಂಗೈ ಕೆಳಗೆ ಒಂದು ಚೂರು ಕಾಗದ ಇರಲಿ.

ನಮ್ಮ ಮಲೆನಾಡಿನ ಆಷಾಢದಲ್ಲಿ ಇಂಕ್ ಸುಲಭಕ್ಕೆ ಒಣಗುವುದಿಲ್ಲ, ಹಾಳೆಯೂ ಥಂಡಿ ಹಿಡಿದಿರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ದಟ್ಟ ಕಪ್ಪು ಬಳಿದ ಪುಟವನ್ನು ರಾತ್ರಿಯಿಡೀ ಬಿಟ್ಟು, ಮರುದಿನವೇ ಪೆನ್ಸಿಲ್ ಅಳಿಸಿ. ರಬ್ಬರ್ ಉಜ್ಜಿದಾಗ ಕಪ್ಪು ಸ್ವಲ್ಪ ಮಾಸುತ್ತದೆ, ಅಲ್ಲಿಗೆ ಇನ್ನೊಂದು ಕೈ ಹಚ್ಚಿ. ತಪ್ಪಿದ ಗೆರೆಗೆ ಬಿಳಿ ಪೋಸ್ಟರ್ ಬಣ್ಣವನ್ನು ಗಟ್ಟಿಯಾಗಿ ಹಚ್ಚಿ. ಅದರ ಮೇಲೆ ಮತ್ತೆ ಗೆರೆ ಬೇಕಿದ್ದರೆ ಬ್ರಷ್ ಬಳಸಿ, ನಿಬ್ ಬಿಳಿಯನ್ನು ಕೆರೆದುಬಿಡುತ್ತದೆ.

ಸ್ಕ್ಯಾನ್ ಮಾಡುವಾಗ 600 ಡಿಪಿಐ, ಗ್ರೇಸ್ಕೇಲ್ ಇಡಿ. ಫೋನಿನ ಫೋಟೋ ಬೇಡ, ಅಂಚು ಬಾಗುತ್ತದೆ. ಕಂಪ್ಯೂಟರಿನಲ್ಲಿ ಥ್ರೆಶೋಲ್ಡ್ (ಯಾವ ಬೂದು ಕಪ್ಪಾಗಬೇಕು, ಯಾವುದು ಬಿಳಿಯಾಗಬೇಕು ಅನ್ನುವ ಮಿತಿ) ಸರಿಪಡಿಸುವಾಗ ಹುಡುಗಿಯ ರೆಪ್ಪೆಯಂಥ ಅತಿ ತೆಳು ಗೆರೆಯ ಮೇಲೆ ಕಣ್ಣಿಡಿ. ಅದು ಮಾಯವಾಗತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಬನ್ನಿ.