ಟೂಲ್ ಕಂಪನಿ ಮುಳುಗುವ ಮೊದಲೇ ನಿಮ್ಮ ಕೋಡ್ ಎತ್ತಿಕೊಳ್ಳಿ

ನೀವು ದಿನಾ ಬಳಸುವ ಕಂಪೈಲರ್‌ನ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಟೂಲ್) ಕಂಪನಿ ಹಳ್ಳ ಹಿಡಿಯುತ್ತಿದೆಯಾ ಅಂತ ತಿಳಿಯಬೇಕಾ? ಷೇರು ಬೆಲೆ ಬಿಡಿ. ಅದು ಈಗ ಯಾರಿಗೆ ಮಾರಲು ನೋಡುತ್ತಿದೆ, ಒಳಗಿಂದ ಯಾರು ಎದ್ದು ಹೋಗುತ್ತಿದ್ದಾರೆ, ಇಷ್ಟು ನೋಡಿ.

ಬೋರ್ಲ್ಯಾಂಡ್ ಕಂಪನಿಯನ್ನೇ ತಗೊಳ್ಳಿ. 1983ರಲ್ಲಿ ಅದರ ಟರ್ಬೋ ಪ್ಯಾಸ್ಕಲ್ ಕಂಪೈಲರ್ ಬರೀ 49.95 ಡಾಲರ್, ಅದೂ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. ಬೇರೆ ಕಂಪೈಲರ್‌ಗಳಿಗೆ ಆಗ ನೂರಾರು ಡಾಲರ್. ಎಡಿಟರ್, ಕಂಪೈಲರ್ ಎರಡೂ ಒಂದರಲ್ಲೇ ಇದ್ದು, ತಪ್ಪಾದರೆ ಕರ್ಸರ್ ನೆಟ್ಟಗೆ ಆ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಒಬ್ಬೊಬ್ಬರೇ ಕೂತು ಕೋಡ್ ಬರೆಯುವವರು ಮುಗಿಬಿದ್ದರು. 1991ರಲ್ಲಿ ಕಂಪನಿ ಸುಮಾರು 44 ಕೋಟಿ ಡಾಲರ್‌ಗೆ ಆಷ್ಟನ್-ಟೇಟ್ ಕಂಪನಿಯನ್ನು ಕೊಂಡಿತು, ಅದರ ಡೇಟಾಬೇಸ್ ಸಾಫ್ಟ್‌ವೇರ್ ಡಿಬೇಸ್‌ಗೋಸ್ಕರ. ಮನೆಯಲ್ಲಿ ಆಗಲೇ ಅದೇ ಥರದ ಪ್ಯಾರಡಾಕ್ಸ್ ಇತ್ತು ಅನ್ನೋದು ಬೇರೆ ಮಾತು! 1995ರಲ್ಲಿ ತಂದ ಡೆಲ್ಫಿ, ವಿಂಡೋಸ್ ಪ್ರೋಗ್ರಾಂ ಬರೆಯುವ ಟೂಲ್, ಚೆನ್ನಾಗಿಯೇ ಇತ್ತು. ಆದರೆ ಅದನ್ನು ಕಟ್ಟಿದ ಆಂಡರ್ಸ್ ಹೈಲ್ಸ್‌ಬರ್ಗ್ 1996ರಲ್ಲಿ ಮೈಕ್ರೋಸಾಫ್ಟ್‌ಗೆ ಹೋಗಿಬಿಟ್ಟರು, ಮುಂದೆ ಅಲ್ಲೇ ಸಿ ಶಾರ್ಪ್ ಭಾಷೆ ಮಾಡಿದರು. 1998ರಲ್ಲಿ ದೊಡ್ಡ ದೊಡ್ಡ ಕಂಪನಿಗಳನ್ನು ಹಿಡಿಯುವ ಆಸೆಗೆ ಬೋರ್ಲ್ಯಾಂಡ್‌ನವರು ತಮ್ಮ ಹೆಸರನ್ನೇ ಇನ್‌ಪ್ರೈಸ್ ಅಂತ ಬದಲಿಸಿಕೊಂಡರು. ಕಂಪನಿ ಹಿಡಿಯಲು ಹೊರಟ ಗಿರಾಕಿ ಬದಲಾದರು ಅಂದರೆ ನಿಮ್ಮ ಜಾಗ ಹೋಯಿತು ಅಂತಲೇ ಅಲ್ವಾ? 2008ರಲ್ಲಿ ಡೆಲ್ಫಿ ವಿಭಾಗವನ್ನು ಎಂಬಾರ್ಕಡೆರೋಗೆ ಮಾರಿದಾಗ 3 ಕೋಟಿ ಡಾಲರ್ ಕೂಡ ಹುಟ್ಟಲಿಲ್ಲ. ಮರುವರ್ಷ ಉಳಿದದ್ದು ಮೈಕ್ರೋ ಫೋಕಸ್ ಪಾಲಾಯಿತು.

ಇಂಥ ಲಕ್ಷಣ ಕಂಡ ದಿನವೇ ಕೋಡ್ ಎತ್ತಿಕೊಳ್ಳಲು ಶುರು ಮಾಡಿ. ಏನೂ ಇಲ್ಲದ ಖಾಲಿ ಯಂತ್ರದಲ್ಲಿ ನಿಮ್ಮ ಪ್ರಾಜೆಕ್ಟ್ ಮೊದಲಿಂದ ಬಿಲ್ಡ್ ಮಾಡಿ ನೋಡಿ. ಎಲ್ಲಿ ಸಿಕ್ಕಿಬಿದ್ದಿದ್ದೀರಿ ಅಂತ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಬಹಳ ಸಲ ಅದು ಯಾವತ್ತೋ ಕೊಂಡು ಹಾಕಿಕೊಂಡ, ಸೋರ್ಸ್ ಕೋಡ್ ಇಲ್ಲದ ಕಾಂಪೊನೆಂಟ್ ಆಗಿರುತ್ತದೆ. ಇನ್‌ಸ್ಟಾಲರ್, ಲೈಸೆನ್ಸ್ ಕೀ ಎರಡನ್ನೂ ಎತ್ತಿಡಿ. ಆ ಕೀ ಒಪ್ಪುವ ಕಂಪನಿಯ ಆ್ಯಕ್ಟಿವೇಷನ್ ಸರ್ವರ್ ನಿಂತ ಮೇಲೆ ಒದ್ದಾಡಿದರೆ ಸುಮ್ನೆ ಟೈಮ್ ದಂಡ.

ಆಮೇಲೆ ಫೈಲ್‌ಗಳು. ಡೆಲ್ಫಿಯಲ್ಲಿ ಕೋಡ್ ಮಾಮೂಲಿ ಟೆಕ್ಸ್ಟ್, ಅದಕ್ಕೆ ಭಯ ಇಲ್ಲ. ಫಾರ್ಮ್ ಫೈಲನ್ನು (ವಿಂಡೋ, ಬಟನ್‌ಗಳ ವಿನ್ಯಾಸ ಇರುವ ಡಿಎಫ್‌ಎಂ ಫೈಲ್) ಮಾತ್ರ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಓದಲಾಗದ ಗೊಬ್ಬರ ಕಂಡರೆ ಅದು ಬೈನರಿ. ಹಾಗಿದ್ದರೆ ಡೆಲ್ಫಿಯಲ್ಲಿ ಆ ಫಾರ್ಮ್ ತೆರೆದು ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಟೆಕ್ಸ್ಟ್ ಡಿಎಫ್‌ಎಂ’ ಆರಿಸಿ ಸೇವ್ ಮಾಡಿ, ಹಳೇ ಡೆಲ್ಫಿ ಇನ್ನೂ ಓಡುತ್ತಿರುವಾಗಲೇ. ನಂತರ ಡೆಲ್ಫಿಯಂಥದ್ದೇ ಉಚಿತ ಟೂಲ್ ಲಾಜರಸ್‌ನ ಟೂಲ್ಸ್ ಮೆನುವಿನಲ್ಲಿರುವ ಡೆಲ್ಫಿ ಪ್ರಾಜೆಕ್ಟ್ ಪರಿವರ್ತಕಕ್ಕೆ ಕೊಡಿ. ಪೂರ್ತಿ ದಾಟುತ್ತದೆ ಅಂತ ನಂಬಬೇಡಿ, ಡೇಟಾಬೇಸ್ ಭಾಗ ಜಾಸ್ತಿ ಕಾಡುತ್ತದೆ. ಬಿಡಿಇ (ಬೋರ್ಲ್ಯಾಂಡ್‌ನ ಹಳೇ ಡೇಟಾಬೇಸ್ ಎಂಜಿನ್) ಮೇಲೆ ನಿಂತ ಟೇಬಲ್‌ಗಳಿದ್ದರೆ ಮೊದಲು ಅವನ್ನೇ ಬೇರೆ ಡೇಟಾಬೇಸ್‌ಗೆ ಸಾಗಿಸಿ, ಬಟನ್ ಮೆನುಗಳ ಅಂದಚೆಂದ ಕೊನೆಗೆ ನೋಡಿಕೊಂಡರಾಯಿತು.